108ರಲ್ಲಿ ಅಂಥದ್ದೇನಿದೆ? ಗಣಿತದ ಕಡೆಯಿಂದ ಹೇಳಿ

ಮಣಿ ಎಣಿಸಿದವ

ನಮ್ಮ ಅಜ್ಜಿಯ ತುಳಸಿ ಜಪಸರ ಶನಿವಾರ ಬೆಳಿಗ್ಗೆ ಕಿತ್ತುಹೋಯಿತು. ದಾರ ಹಳೆಯದಾಗಿತ್ತು. ಮಣಿಗಳೆಲ್ಲ ಹಾಲ್ ತುಂಬ ಚೆಲ್ಲಾಪಿಲ್ಲಿ. ನಾನೂ ಎಂಟನೇ ಕ್ಲಾಸಿನ ನನ್ನ ಮಗನೂ ಸೋಫಾ ಸರಿಸಿ, ಟಾರ್ಚ್ ಹಿಡಿದು ಒಂದು ಗಂಟೆ ಹುಡುಕಿದೆವು. ಸಿಕ್ಕಿದ್ದನ್ನೆಲ್ಲ ಸ್ಟೀಲ್ ತಟ್ಟೆಗೆ ಹಾಕಿ ಎಣಿಸಿದೆ. ಒಮ್ಮೆ 106 ಬಂತು, ಒಮ್ಮೆ 108, ಇನ್ನೊಮ್ಮೆ 107.

ಮಗ ಒಂದು ಉಪಾಯ ಮಾಡಿದ. ಚಾಪೆಯ ಮೇಲೆ ಒಂಬತ್ತೊಂಬತ್ತು ಮಣಿಗಳ ಸಾಲು ಜೋಡಿಸಿದ. ಹನ್ನೊಂದು ಸಾಲು ತುಂಬಿತು, ಹನ್ನೆರಡನೆಯದರಲ್ಲಿ ಎಂಟೇ ಮಣಿ. ಅಲ್ಲಿಗೆ 107. ಆಮೇಲೆ ಹನ್ನೆರಡರ ಸಾಲು ಮಾಡಿದ, ಅಲ್ಲೂ ಕೊನೆಯಲ್ಲಿ ಒಂದು ಜಾಗ ಖಾಲಿ. ಆರರಲ್ಲೂ ಅದೇ, ನಾಲ್ಕರಲ್ಲೂ ಅದೇ. ಹೇಗೆ ಜೋಡಿಸಿದರೂ ಒಂದೇ ಒಂದು ಮಣಿಯ ಜಾಗ ಬಾಯಿ ಬಿಟ್ಟುಕೊಂಡು ಕೂತಿತ್ತು.

ಆಮೇಲೆ ಕೇಳಿದ: "ಅಪ್ಪಾ, ಸರದಲ್ಲಿ ನೂರು ಇಡಬಹುದಿತ್ತಲ್ಲ, ನೂರೆಂಟು ಯಾಕೆ?" 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಗುಣಿಸಿದರೆ 108 ಅಂದೆ. "ಅದು ನಕ್ಷತ್ರದ ಲೆಕ್ಕ. 108ರದ್ದು ಏನು?" ಅಂದ. ಪ್ರಶ್ನೆ ಸರಿಯಾಗಿದೆ ಅನ್ನಿಸಿತು. ಈ ಸಂಖ್ಯೆಗೆ ಅದರದ್ದೇ ಅಂತ ಏನಾದರೂ ಗುಣ ಇದೆಯಾ? ವಾಟ್ಸಾಪ್‌ನಲ್ಲಿ ಓಡಾಡುವ ಫಾರ್ವರ್ಡ್ ಬೇಡ, ಈಗಾಗಲೇ ನಾಲ್ಕು ಬಂದಿವೆ.

ನಿವೃತ್ತ ಮೇಷ್ಟ್ರು

ನಿಮ್ಮ ಮಗ ಚಾಪೆಯ ಮೇಲೆ ಅರ್ಧ ಉತ್ತರ ಬರೆದಾಗಿದೆ. 108 = 2×2×3×3×3. ಬರೀ ಎರಡು ಮತ್ತು ಮೂರು, ಬೇರೆ ಯಾರೂ ಇಲ್ಲ. ಅದಕ್ಕೇ ಅದು ಸಲೀಸಾಗಿ ಮುರಿಯುತ್ತದೆ. ಅಪವರ್ತನಗಳು 1, 2, 3, 4, 6, 9, 12, 18, 27, 36, 54, 108. ಒಟ್ಟು ಹನ್ನೆರಡು. ನೂರಕ್ಕೆ ಒಂಬತ್ತೇ, ಅದೂ ಮೂರರಿಂದ ಭಾಗವೇ ಆಗುವುದಿಲ್ಲ. ಮೂರು ಜನ ಮಕ್ಕಳಿಗೆ ನೂರು ಮಾವಿನಹಣ್ಣು ಹಂಚಿ ನೋಡಿ, ಒಂದಕ್ಕಾಗಿ ಜಗಳ ಗ್ಯಾರಂಟಿ.

ಇನ್ನೊಂದು ಮಾತು. 107 ಅವಿಭಾಜ್ಯ ಸಂಖ್ಯೆ, ಹಾಗಾಗಿ ಯಾವ ಸಾಲೂ ಪೂರ್ತಿ ಆಗುವುದಿಲ್ಲ. ಆದರೆ "ಎಲ್ಲ ಕಡೆ ಒಂದೇ ಜಾಗ ಖಾಲಿ" ಅನ್ನುವುದಕ್ಕೆ ಕಾರಣ 107 ಅಲ್ಲ, 108. ಐದರ ಸಾಲು ಮಾಡಿಸಿ, ಮೂರು ಜಾಗ ಖಾಲಿ ಬರುತ್ತವೆ. ಇವೆರಡನ್ನೂ ಬೇರೆ ಬೇರೆ ಮಾಡಿ ಹೇಳಿಕೊಡಿ, ಹುಡುಗನಿಗೆ ಹಿಡಿಸುತ್ತದೆ.

ಗದಗಿನ ಗಿಣಿ

ಹಾಗಾದರೆ ನೂರೆಂಟೇ ಅತಿ ಹೆಚ್ಚು ಅಪವರ್ತನ ಇರುವ ಸಂಖ್ಯೆ ಅಂತಾಯ್ತಲ್ಲ!

ನಿವೃತ್ತ ಮೇಷ್ಟ್ರು

ಇಲ್ಲಪ್ಪ. 60ಕ್ಕೇ ಹನ್ನೆರಡು ಇವೆ. 72, 84, 90, 96ಕ್ಕೂ ಹನ್ನೆರಡೇ. 120ಕ್ಕೆ ಹೋದರೆ ಹದಿನಾರು. ಬರೀ ಹಂಚುವ ಅನುಕೂಲ ನೋಡಿದ್ದರೆ 120 ಮಣಿ ಪೋಣಿಸುತ್ತಿದ್ದರು.

ಪಿಯು ಗಣಿತ ಮೇಡಂ

ಸರಿ, ವರ್ಗೀಕರಣ ಅಂತಲೇ ನೋಡೋಣ. ಸಂಖ್ಯೆಗಳನ್ನು ಪರಿಪೂರ್ಣ, ಕೊರತೆಯ, ಸಮೃದ್ಧ ಅಂತ ಮೂರು ಪಂಗಡ ಮಾಡುವುದು ಬಹಳ ಹಳೆಯ ಪದ್ಧತಿ. ಸುಮಾರು ಕ್ರಿ.ಶ. 100ರಲ್ಲಿ ಗ್ರೀಕ್ ಗಣಿತಜ್ಞ ನಿಕೊಮ್ಯಾಕಸ್ ಇದನ್ನು ಬರೆದಿಟ್ಟಿದ್ದಾನೆ. ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಅಪವರ್ತನಗಳನ್ನೆಲ್ಲ ಕೂಡಿ. ಮೊತ್ತ ಅದೇ ಸಂಖ್ಯೆ ಬಂದರೆ ಪರಿಪೂರ್ಣ. 6 = 1+2+3. ಕಡಿಮೆ ಬಂದರೆ ಕೊರತೆ, ಜಾಸ್ತಿ ಬಂದರೆ ಸಮೃದ್ಧ. 108ಕ್ಕೆ ಮೊತ್ತ 172. ಭಾರಿ ಸಮೃದ್ಧ.

ಇದಕ್ಕೆ ಕಾರಣ ನನಗೆ ತುಂಬ ಇಷ್ಟ. 1+2+3=6 ಅನ್ನುವುದನ್ನು 18ರಿಂದ ಗುಣಿಸಿ: 18+36+54=108. ಈ ಮೂರೇ ಸೇರಿ ಅಷ್ಟಾಯಿತು. ಮಿಕ್ಕ ಎಂಟು ಅಪವರ್ತನಗಳು ಉಳಿತಾಯ. ಆರರ ಗುಣಕಗಳೆಲ್ಲ, ಆರನ್ನೊಂದು ಬಿಟ್ಟು, ಹೀಗೇ ಸಮೃದ್ಧ ಆಗುತ್ತವೆ.

ಇನ್ನೂ ಒಂದು ಪಂಗಡ ಇದೆ, ಹೆಸರೇ ಮಜವಾಗಿದೆ: ಅಕಿಲೀಸ್ ಸಂಖ್ಯೆ. ಒಂದು ಸಂಖ್ಯೆಯ ಅವಿಭಾಜ್ಯ ಅಪವರ್ತನಗಳೆಲ್ಲ ಕನಿಷ್ಠ ಎರಡೆರಡು ಸಲ ಬಂದರೆ ಅದು ಬಲಶಾಲಿ ಸಂಖ್ಯೆ. 108ರಲ್ಲಿ 2 ಎರಡು ಸಲ, 3 ಮೂರು ಸಲ. ಬಲಶಾಲಿಯೇ. ಆದರೆ ಅದು ಯಾವ ಸಂಖ್ಯೆಯ ವರ್ಗವೂ ಅಲ್ಲ, ಘನವೂ ಅಲ್ಲ, ಯಾವ ಘಾತವೂ ಅಲ್ಲ. ಎರಡು ಸಲ, ಮೂರು ಸಲ ಅನ್ನುವ ಈ ಎಣಿಕೆಗಳು ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ. ಬಲ ಇದೆ, ಪರಿಪೂರ್ಣತೆ ಇಲ್ಲ, ಹಿಮ್ಮಡಿ ಒಂದು ಸೋತ ಗ್ರೀಕ್ ವೀರನ ಹಾಗೆ. ಇಂಥ ಸಂಖ್ಯೆಗಳಲ್ಲಿ ಮೊದಲನೆಯದು 72, ಎರಡನೆಯದೇ 108. ಆಮೇಲೆ 200, 288.

ಕಂಬದ ಕೆಳಗಿನವ

ನಮ್ಮ ಕಡೆ ಹೆಸರಿಟ್ಟಿದ್ದರೆ ದುರ್ಯೋಧನ ಸಂಖ್ಯೆ ಆಗುತ್ತಿತ್ತು. ಮೈಯೆಲ್ಲ ವಜ್ರ, ತೊಡೆ ಮಾತ್ರ ಮೆತ್ತಗೆ.

ಪಿಯು ಗಣಿತ ಮೇಡಂ

ಇದನ್ನು ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ, ನಿಮ್ಮ ಹೆಸರು ಹೇಳುವುದಿಲ್ಲ.

ಹರ್ಷದ ಪ್ರಿಯ

ಕಾಪ್ರೇಕರ್ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ಡಿ. ಆರ್. ಕಾಪ್ರೇಕರ್, ನಾಸಿಕ್ ಪಕ್ಕದ ದೇವಳಾಲಿಯಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದವರು. 1905ರಲ್ಲಿ ಹುಟ್ಟಿ 1986ರಲ್ಲಿ ತೀರಿಕೊಂಡರು. ಹಗಲು ಪಾಠ, ಉಳಿದ ಹೊತ್ತು ಸಂಖ್ಯೆಗಳ ಜೊತೆ ಆಟ. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದ ಮೇಲೆ ಹೊರದೇಶಗಳಲ್ಲಿ ಹೆಸರಾದರು. 108 ಅಂದರೆ ಅವರ ಆಟಗಳಿಗೆ ಹೇಳಿ ಮಾಡಿಸಿದ ಸಂಖ್ಯೆ.

ಮೊದಲನೆಯದು, ಹರ್ಷದ ಸಂಖ್ಯೆ. ಅಂಕಿಗಳ ಮೊತ್ತದಿಂದ ಸಂಖ್ಯೆ ಭಾಗವಾಗಬೇಕು. 1+0+8=9, 108÷9=12. ಹರ್ಷವಾಯಿತಾ?

ಎರಡನೆಯದು ಇನ್ನೂ ಚೆಂದ. ಯಾವುದಾದರೂ ಸಂಖ್ಯೆಗೆ ಅದರ ಅಂಕಿಗಳನ್ನು ಕೂಡಿ. 21ಕ್ಕೆ 2+1 ಕೂಡಿದರೆ 24. ಅಂದರೆ 24 ಅನ್ನುವುದು 21ರ ಮಗ. 24ರ ಮಗ 30. 30ರ ಮಗ 33. ಹೀಗೆ ವಂಶ ನಡೆಯುತ್ತದೆ. ಆದರೆ ಕೆಲವು ಸಂಖ್ಯೆಗಳಿಗೆ ಅಪ್ಪನೇ ಇಲ್ಲ. ಕಾಪ್ರೇಕರ್ ಅವುಗಳನ್ನು ಸೆಲ್ಫ್ ನಂಬರ್ ಅಂದರು. ಅವರ ಊರಿನ ಹೆಸರಲ್ಲಿ ದೇವಳಾಲಿ ಸಂಖ್ಯೆ ಅಂತಲೂ ಕರೆಯುತ್ತಾರೆ. ನಾನು ಸ್ವಯಂಭು ಅನ್ನುತ್ತೇನೆ. 108 ಸ್ವಯಂಭು. ಬೇಕಾದರೆ 80ರಿಂದ 107ರವರೆಗೆ ಒಂದೊಂದನ್ನೇ ಪರೀಕ್ಷಿಸಿ, ಯಾವುದಕ್ಕೂ 108 ಬರುವುದಿಲ್ಲ.

ಅಕ್ಕಪಕ್ಕದ ಮನೆ ನೋಡಿ. 94+9+4=107, 103+1+0+3=107. ಇತ್ತ 95+9+5=109, 104+1+0+4=109. ಎರಡೂ ಕಡೆ ಅಪ್ಪ ಅಮ್ಮ ಇಬ್ಬರೂ ಇದ್ದಾರೆ. ನಡುವಿನ ನೂರೆಂಟಕ್ಕೆ ಯಾರೂ ಇಲ್ಲ.

ಮಣಿ ಎಣಿಸಿದವ

ಮಗ 80ರಿಂದ 107ರವರೆಗೆ ಪೂರ್ತಿ ಬರೆದು ನೋಡಿದ. ನಿಜ, ಇಲ್ಲ! 101ಕ್ಕೂ ಇಬ್ಬರು ಸಿಕ್ಕರು, 91 ಮತ್ತು 100. ಬಹಳ ಖುಷಿಯಲ್ಲಿದ್ದಾನೆ.

ಒಂದು ಸೊನ್ನೆ ಎಂಟು

1 ಅಂದರೆ ಪರಮಾತ್ಮ, 0 ಅಂದರೆ ಶೂನ್ಯ, 8 ಅಂದರೆ ಅನಂತ. ಕೂಡಿದರೆ ಒಂಬತ್ತು. ಒಂಬತ್ತರಿಂದ ಏನೇ ಗುಣಿಸಿದರೂ ಕೊನೆಗೆ ಒಂಬತ್ತೇ ಉಳಿಯುತ್ತದೆ. ಇದಕ್ಕಿಂತ ಪುರಾವೆ ಬೇಕಾ?

ನಿವೃತ್ತ ಮೇಷ್ಟ್ರು

ಪುರಾವೆ ಬೇಕು, ಮತ್ತು ಇದೆ. ಆದರೆ ನೀವು ಅಂದುಕೊಂಡದ್ದಕ್ಕಲ್ಲ. ನೂರು ಅಂದರೆ 99+1. ಹತ್ತು ಅಂದರೆ 9+1. ಆದ್ದರಿಂದ 108 ಅಂದರೆ 99, ಆಮೇಲೆ ಒಂದು, ಆಮೇಲೆ ಎಂಟು. ಆ 99 ಒಂಬತ್ತರಿಂದ ಹೇಗೂ ಭಾಗವಾಗುತ್ತದೆ. ಮಿಕ್ಕಿದ್ದು 1+8, ಅದೇ ಅಂಕಿಗಳ ಮೊತ್ತ. ಎಲ್ಲ ಸಂಖ್ಯೆಗೂ ಹೀಗೇ. ನಾವು ಹತ್ತರಲ್ಲಿ ಎಣಿಸುತ್ತೇವೆ, ಹತ್ತಕ್ಕೆ ಒಂದು ಕಡಿಮೆ ಒಂಬತ್ತು. ಅಷ್ಟೇ ಗುಟ್ಟು. ಹಳೆಯ ಕಾಲದ ಮೇಷ್ಟ್ರುಗಳು ದೊಡ್ಡ ಗುಣಾಕಾರ ಸರಿಯಿದೆಯಾ ಅಂತ ನೋಡಲು ಒಂಬತ್ತು ಕಳೆಯುತ್ತಿದ್ದದ್ದೂ ಇದರಿಂದಲೇ.

ಕೋಡ್ ಕುಟ್ಟಪ್ಪ

ಮೇಷ್ಟ್ರು ಹೇಳಿದ್ದರ ಬಾಲ ಹಿಡಿದು ಒಂದು ತಕರಾರು. ಕಾಪ್ರೇಕರ್ ಆಟಗಳು ನನಗೂ ಇಷ್ಟ. ಆದರೆ ಅವು 108ರ ಗುಣ ಅಲ್ಲ, ನಾವು 108ನ್ನು ಬರೆಯುವ ರೀತಿಯ ಗುಣ. ಕೈಯಲ್ಲಿ ಹತ್ತು ಬೆರಳಿವೆ ಅಂತ ಹತ್ತರಲ್ಲಿ ಎಣಿಸುತ್ತೇವೆ. ಎಂಟರಲ್ಲಿ ಎಣಿಸಿದರೆ ಇದೇ ಸಂಖ್ಯೆಯನ್ನು 154 ಅಂತ ಬರೆಯಬೇಕು. ಒಂದು 64, ಐದು 8, ನಾಲ್ಕು. ಅಂಕಿಗಳ ಮೊತ್ತ ಹತ್ತು. ನೂರೆಂಟು ಹತ್ತರಿಂದ ಭಾಗವಾಗಲ್ಲ. ಹರ್ಷ ಹೋಯಿತು.

ಸ್ವಯಂಭು ಕಥೆಯೂ ಅಷ್ಟೇ. ಡಜನ್ ಲೆಕ್ಕದಲ್ಲಿ ಎಣಿಸಿ. 98 ಅಂದರೆ ಎಂಟು ಡಜನ್ ಮತ್ತು ಎರಡು, ಬರೆಯುವುದು 82. ಅಂಕಿಗಳ ಮೊತ್ತ 8+2, ಹತ್ತು. 98+10=108. ಅಪ್ಪ ಸಿಕ್ಕಿದ! ಡಜನ್‌ನಲ್ಲಿ ಎಣಿಸಿದ್ದರೆ ಇಷ್ಟು ದಿನ ಅನಾಥ ಅಂತ ಯಾರೂ ಅನ್ನುತ್ತಿರಲಿಲ್ಲ.

ಆದರೆ ಮೇಡಂ ಹೇಳಿದ ಸಮೃದ್ಧ, ಅಕಿಲೀಸ್ ಇವು ಹಾಗಲ್ಲ. ಮಣಿಗಳನ್ನು ಚಾಪೆಯ ಮೇಲೆ ಜೋಡಿಸಿದ ಹಾಗೆ. ಯಾವ ಭಾಷೆಯಲ್ಲಿ ಎಣಿಸಿದರೂ, ಎಣಿಸದೇ ಇದ್ದರೂ, ಒಂಬತ್ತರ ಹನ್ನೆರಡು ಸಾಲು ತುಂಬುತ್ತದೆ. ನನ್ನ ಪ್ರಕಾರ ಅಸಲಿ ಗುಣ ಅಂದರೆ ಅದು.

ಹರ್ಷದ ಪ್ರಿಯ

ಕುಟ್ಟಪ್ಪನವರೇ, ಹರ್ಷಕ್ಕೆ ಕಲ್ಲು ಹಾಕಿದಿರಿ. ಒಪ್ಪಿದೆ. ಆದರೂ ಏಳರಲ್ಲಿ ಎಣಿಸಿ ನೋಡಿದೆ: 213. ಮೊತ್ತ ಆರು, 108÷6=18. ಅಲ್ಲಿ ಹರ್ಷದವೇ! ಪೂರ್ತಿ ಹೋಗಿಲ್ಲ.

ಬೆಳಗಾವಿ ಭೂಮಿತಿ

ಐದು ಬಾಹುಗಳ ಸಮ ಪಂಚಭುಜದ ಒಳಕೋನ 108 ಡಿಗ್ರಿ. ಇದನ್ನು ಬಿಟ್ಟೇ ಬಿಟ್ಟಿರಲ್ಲ. ಮನೆಯಲ್ಲೇ ಮಾಡಬಹುದು. ಅಂಗಡಿಯ ಉದ್ದ ಬಿಲ್ ತಗೊಳ್ಳಿ, ಎರಡು ಬೆರಳಗಲದ ಪಟ್ಟಿ ಕತ್ತರಿಸಿ. ದಾರಕ್ಕೆ ಹಾಕುವ ಹಾಗೆ ಒಂದು ಸಾದಾ ಗಂಟು ಹಾಕಿ. ನಿಧಾನವಾಗಿ ಎಳೆಯುತ್ತಾ ಚಪ್ಪಟೆ ಮಾಡಿ ಉಗುರಿನಿಂದ ಒತ್ತಿ. ಬಾಲ ಎರಡನ್ನೂ ಕತ್ತರಿಸಿದರೆ ಅಚ್ಚುಕಟ್ಟಾದ ಪಂಚಭುಜ. ಬೆಳಕಿಗೆ ಹಿಡಿದರೆ ಒಳಗಡೆ ನಕ್ಷತ್ರದ ಗೆರೆಗಳೂ ಕಾಣುತ್ತವೆ. ಕೋನಮಾಪಕ ಇಟ್ಟು ನೋಡಿ, 108. ಅದರ ಕರ್ಣವನ್ನು ಬಾಹುವಿನಿಂದ ಭಾಗಿಸಿದರೆ 1.618, ಅದೇ ಸುವರ್ಣ ಅನುಪಾತ.

ಕೋಡ್ ಕುಟ್ಟಪ್ಪ

ಗಂಟು ಸೂಪರ್. ಆದರೆ ಮತ್ತೆ ಅದೇ ತಕರಾರು, ಕ್ಷಮಿಸಿ. ವೃತ್ತಕ್ಕೆ 360 ಡಿಗ್ರಿ ಅಂತ ಇಟ್ಟಿದ್ದು ಮನುಷ್ಯರು. 400 ಅಂತ ಇಟ್ಟಿದ್ದರೆ ಆ ಕೋನ 120 ಆಗುತ್ತಿತ್ತು. ಅಸಲಿ ಸಂಗತಿ ಅಂದರೆ ಅದು ಪೂರ್ತಿ ಸುತ್ತಿನ ಹತ್ತರಲ್ಲಿ ಮೂರು ಭಾಗ.

ಬೆಳಗಾವಿ ಭೂಮಿತಿ

ನಿಮ್ಮ ಮನೆಯಲ್ಲಿ ಹಬ್ಬದ ದಿನ ಹೋಳಿಗೆಗೂ ತಕರಾರು ತೆಗೆಯುತ್ತೀರಾ ಹೆಂಗೆ?

ಒಂದು ಸೊನ್ನೆ ಎಂಟು

ಸೂರ್ಯನ ದೂರ ಸೂರ್ಯನ ವ್ಯಾಸದ 108 ಪಟ್ಟು. ಚಂದ್ರನ ದೂರ ಚಂದ್ರನ ವ್ಯಾಸದ 108 ಪಟ್ಟು. ಇದಕ್ಕೇನಂತೀರಿ? ಇದಕ್ಕೂ ಬೆರಳೆಣಿಕೆ ಕಾರಣವಾ?

ಆಕಾಶ ನೋಡುವವಳು

ಇದನ್ನು ಸುಮ್ನೆ ತಳ್ಳಿಹಾಕುವುದಿಲ್ಲ, ಲೆಕ್ಕ ಮಾಡೋಣ. ಭೂಮಿಯಿಂದ ಸೂರ್ಯನ ಸರಾಸರಿ ದೂರ 14.96 ಕೋಟಿ ಕಿ.ಮೀ. ಸೂರ್ಯನ ವ್ಯಾಸ 13.92 ಲಕ್ಷ ಕಿ.ಮೀ. ಭಾಗಿಸಿದರೆ 107.5. ಹತ್ತಿರ ಇದೆ. ಆದರೆ ಭೂಮಿ ಸುತ್ತುವುದು ದುಂಡಗೆ ಅಲ್ಲ. ಜನವರಿಯಲ್ಲಿ ಸೂರ್ಯ ಹತ್ತಿರ ಇರುತ್ತಾನೆ, ಆಗ ಸುಮಾರು 105.7. ಜುಲೈಯಲ್ಲಿ ದೂರ, ಆಗ 109.3. ವರ್ಷದಲ್ಲಿ ಎರಡು ಸಲ 108ನ್ನು ಹಾದು ಹೋಗುತ್ತದೆ ಅನ್ನಿ. ಚಂದ್ರನಿಗೆ 3,84,400 ಭಾಗಿಸು 3,475, ಸುಮಾರು 110.6.

ಇಲ್ಲಿ ಬೆರಗು ಬೇರೆಯೇ ಇದೆ. ಎರಡೂ ಅನುಪಾತ ಇಷ್ಟು ಹತ್ತಿರ ಇರುವುದಕ್ಕೇ ಸೂರ್ಯ, ಚಂದ್ರ ನಮ್ಮ ಕಣ್ಣಿಗೆ ಒಂದೇ ಅಳತೆ ಕಾಣುತ್ತಾರೆ. ಅದಕ್ಕೇ ಪೂರ್ಣ ಗ್ರಹಣದಲ್ಲಿ ಚಂದ್ರ ಸೂರ್ಯನನ್ನು ಸರಿಯಾಗಿ ಮುಚ್ಚುತ್ತಾನೆ. 108 ಅನ್ನುವುದು ಇಲ್ಲಿ ಸುತ್ತುಸಂಖ್ಯೆ ಮಾತ್ರ.

ಒಂದು ಸೊನ್ನೆ ಎಂಟು

105ರಿಂದ 109 ಅಂತ ಗೊತ್ತಿರಲಿಲ್ಲ. ಲೆಕ್ಕ ತೋರಿಸಿದ್ದಕ್ಕೆ ಥ್ಯಾಂಕ್ಸ್. ಶೂನ್ಯ, ಅನಂತದ ಮಾತು ಮಾತ್ರ ನಾನು ಬಿಡುವುದಿಲ್ಲ.

ಆಕಾಶ ನೋಡುವವಳು

ಅದನ್ನು ಬಿಡಿ ಅಂತ ನಾನೂ ಹೇಳಲಿಲ್ಲ. ಭಾಗಾಕಾರದ ಮಾತು ಬಂದಾಗ ಮಾತ್ರ ಕರೆಯಿರಿ.

ಕಂಬದ ಕೆಳಗಿನವ

ನನಗೊಂದು ಅನುಮಾನ. ಯಾವ ಸಂಖ್ಯೆ ಕೊಟ್ಟರೂ ನೀವೆಲ್ಲ ಹೀಗೇ ಹೊಗಳುತ್ತೀರಿ ಅಲ್ವಾ? ಪಾಪದ 100ನ್ನೇ ತಗೊಳ್ಳಿ. ಹತ್ತರ ವರ್ಗ. 1, 2, 3, 4ರ ಘನಗಳ ಮೊತ್ತ. ಮೊದಲ ಒಂಬತ್ತು ಅವಿಭಾಜ್ಯಗಳನ್ನು ಕೂಡಿದರೂ ನೂರೇ. ಅದೂ ಸಮೃದ್ಧ, ಅದೂ ಹರ್ಷದ. ಹಾರ್ಡಿ ಟ್ಯಾಕ್ಸಿ ನಂಬರ್ 1729 ಸಪ್ಪೆ ಅಂದಾಗ ರಾಮಾನುಜನ್ ಬಿಟ್ಟರಾ? ಎರಡು ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅಂದರು. ನೋಡುವವರು ಬೇಕು ಅಷ್ಟೇ.

ಪಿಯು ಗಣಿತ ಮೇಡಂ

ಅನುಮಾನ ಸರಿಯಾದದ್ದೇ. ಆದರೆ ಎಲ್ಲ ಹೊಗಳಿಕೆಗೂ ಒಂದೇ ತೂಕ ಅಲ್ಲ. ಸಮೃದ್ಧ ಅಂದರೆ ದೊಡ್ಡ ವಿಷಯವೇನಲ್ಲ, ಆರರ ಗುಣಕಗಳೆಲ್ಲ ಸಮೃದ್ಧ, ಜಾತ್ರೆಯಷ್ಟು ಜನ. ಅಕಿಲೀಸ್ ವಿರಳ, 300ರ ಒಳಗೆ ನಾಲ್ಕೇ. ಇನ್ನೊಂದು ನೋಡಿ: 1ನ್ನು ಒಂದು ಸಲ, 2ನ್ನು ಎರಡು ಸಲ, 3ನ್ನು ಮೂರು ಸಲ ಬರೆದು ಗುಣಿಸಿ. 1×2×2×3×3×3=108. ನಾಲ್ಕನ್ನು ನಾಲ್ಕು ಸಲ ಸೇರಿಸಿದರೆ 27,648ಕ್ಕೆ ಹಾರುತ್ತದೆ. ಈ ಸಾಲಿನಲ್ಲಿ 1, 4, 108, ಆಮೇಲೆ ಸೀದಾ 27,648. ಇಂಥ ತೆಳ್ಳಗಿನ ಸಾಲಿನಲ್ಲಿ ಜಾಗ ಸಿಗುವುದು ಸುಲಭ ಅಲ್ಲ. ಒಂದೇ ಒಂದು ಗುಣ ಆರಿಸಿ ಅಂದರೆ ನನ್ನ ಓಟು ಇದಕ್ಕೆ.

ಋಷಿಗಳು ಇದನ್ನು ನೋಡಿಯೇ 108 ಆರಿಸಿದರು ಅಂತ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ನಾನು ಹಾಗೆ ಹೇಳಿಲ್ಲ.

ಮಳಖೇಡದ ಮಗ

ಸರದ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. ಒಂಬತ್ತನೇ ಶತಮಾನದ ಗಣಿತಜ್ಞ ಮಹಾವೀರಾಚಾರ್ಯ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವನು. ನೃಪತುಂಗನ ರಾಜಧಾನಿ ಮಾನ್ಯಖೇಟ ಅಂದರೆ ಈಗಿನ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ. ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಗುಣಾಕಾರದ ಕೆಲವು ಲೆಕ್ಕಗಳಿವೆ. ಉತ್ತರ ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ. ಎರಡೂ ಕಡೆ ಸಮನಾಗಿ ಮಣಿ ಪೋಣಿಸಿದ ಹಾಗೆ ಅಂತ ಅವನ್ನು ಹಾರಕ್ಕೆ ಹೋಲಿಸಿದ್ದಾನೆ. 12345679×9 ಮಾಡಿ ನೋಡಿ, ಒಂಬತ್ತು ಒಂದುಗಳು. 152207×73 ಮಾಡಿದರೆ ಎಂಟು ಒಂದುಗಳು.

ಅದರಲ್ಲೇ ಇನ್ನೊಂದು: 139×109=15151. ಈ 109 ಯಾಕೆ ಹೇಳಿದೆ ಅಂದರೆ, ಸರದಲ್ಲಿ ಮೇರು ಮಣಿ ಸೇರಿದರೆ 109. ಕಾಕತಾಳೀಯವೇ, ಗೊತ್ತು. ಕುಟ್ಟಪ್ಪನವರು ಬರುವ ಮುಂಚೆ ನಾನೇ ಹೇಳಿಬಿಡುತ್ತೇನೆ, ಹಿಂದುಮುಂದು ಒಂದೇ ಅನ್ನುವುದೂ ಹತ್ತರಲ್ಲಿ ಬರೆಯುವುದರ ಗುಣ.

ಕೋಡ್ ಕುಟ್ಟಪ್ಪ

ನಾನು ಏನೂ ಅನ್ನಲಿಲ್ಲ! ಈ ಲೆಕ್ಕ ಚೆನ್ನಾಗಿದೆ.

ನಿವೃತ್ತ ಮೇಷ್ಟ್ರು

ಮೇರು ಅಂದ ಕೂಡಲೇ ನೆನಪಾಯಿತು. 107 ಅವಿಭಾಜ್ಯ, 109 ಕೂಡ ಅವಿಭಾಜ್ಯ. ಎರಡರ ಅಂತರದಲ್ಲಿ ಬರುವ ಇಂಥ ಜೋಡಿಗೆ ಅವಳಿ ಅವಿಭಾಜ್ಯ ಅನ್ನುತ್ತಾರೆ. ನಡುವೆ 108. ಈ ಜೋಡಿಗಳ ನಡುವಿನ ಸಂಖ್ಯೆ, 3 ಮತ್ತು 5ರ ಜೋಡಿ ಬಿಟ್ಟರೆ, ಯಾವಾಗಲೂ ಆರರ ಗುಣಕ. ಯಾಕೆ? ಸಾಲಾಗಿ ಮೂರು ಸಂಖ್ಯೆ ತಗೊಂಡರೆ ಒಂದು ಮೂರರಿಂದ ಭಾಗವಾಗಲೇಬೇಕು. ಆ ಕಡೆ ಈ ಕಡೆ ಇರುವವು ಅವಿಭಾಜ್ಯ, ಅವಕ್ಕಾಗುವುದಿಲ್ಲ. ಉಳಿದದ್ದು ನಡುವಿನದು. ಅವೆರಡೂ ಬೆಸ, ಹಾಗಾಗಿ ನಡುವಿನದು ಸಮವೂ ಹೌದು. ಇಂಥ ಜೋಡಿಗಳು ಮುಗಿಯದೆ ಬರುತ್ತಲೇ ಇರುತ್ತವಾ ಅನ್ನುವುದನ್ನು ಇವತ್ತಿಗೂ ಯಾರೂ ಸಾಧಿಸಿಲ್ಲ. ಎಂಟನೇ ಕ್ಲಾಸಿನ ಹುಡುಗನಿಗೆ ಅರ್ಥವಾಗುವ ಪ್ರಶ್ನೆ, ಜಗತ್ತಿನ ಯಾರ ಹತ್ತಿರವೂ ಉತ್ತರ ಇಲ್ಲ.

ಅಂದ ಹಾಗೆ ಮಣಿಯವರೇ, ನೀವು ಎಣಿಸಿದ 107ರಲ್ಲಿ ಮೇರು ಸೇರಿತ್ತಾ?

ಮಣಿ ಎಣಿಸಿದವ

ಅಯ್ಯೋ. ಸೇರಿತ್ತು. ದಪ್ಪನೆಯ ಮಣಿ ಒಂದು ಇತ್ತು, ಅದನ್ನೂ ಸಾಲಿನಲ್ಲೇ ಇಟ್ಟಿದ್ದ. ಹಾಗಾದರೆ ಜಪದ ಮಣಿ 106. ಎರಡು ಕಮ್ಮಿ.

ನಿವೃತ್ತ ಮೇಷ್ಟ್ರು

ಈಗ ಒಂಬತ್ತರ ಸಾಲು ಮಾಡಿಸಿ, ಕೊನೆಯಲ್ಲಿ ಏಳು. ಲೆಕ್ಕ ಸರಿಯಿತ್ತು, ಎಣಿಸಿದ ವಸ್ತು ತಪ್ಪಿತ್ತು. ನಮ್ಮ ಕಾಲದಲ್ಲಿ ಇದಕ್ಕೆ ಅರ್ಧ ಮಾರ್ಕ್ಸ್ ಕೊಡುತ್ತಿದ್ದೆವು.

ಗದಗಿನ ಗಿಣಿ

ಫ್ರಿಜ್ ಕೆಳಗೆ ನೋಡಿದಿರಾ? ನಮ್ಮನೆಯಲ್ಲಿ ಕಳೆದದ್ದೆಲ್ಲ ಅಲ್ಲೇ ಸಿಗುತ್ತದೆ.

ಮಣಿ ಎಣಿಸಿದವ

ಸೋಮವಾರ ರಾತ್ರಿಯ ವರದಿ. ಫ್ರಿಜ್ ಕೆಳಗೆ ಒಂದು ಸಿಕ್ಕಿತು, ಗಿಣಿಯವರಿಗೆ ಥ್ಯಾಂಕ್ಸ್. ಅಲ್ಲಿಗೆ 107, ಜೊತೆಗೆ ಮೇರು. ಇನ್ನೊಂದಕ್ಕಾಗಿ ದೇವರಮನೆ, ಚಪ್ಪಲಿ ಸ್ಟ್ಯಾಂಡ್, ಕಸದ ಬುಟ್ಟಿ ಎಲ್ಲ ಜಾಲಾಡಿದೆವು. ಇಲ್ಲ.

ಕೊನೆಗೆ ಅಜ್ಜಿಗೆ ಹೇಳಿದೆ, ಒಂದು ಮಣಿ ಸಿಗಲಿಲ್ಲ, ಹೊಸದು ತರುತ್ತೇನೆ ಅಂತ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ತಟ್ಟೆ ನೋಡಿ, "ಮೊದಲಿಂದ್ಲೂ ಅಷ್ಟೇ ಇತ್ತೋ ಏನೋ ಮಾರಾಯ, ನಾನು ಯಾವತ್ತು ಎಣಿಸಿದ್ದೆ? ಮೇರು ಬರೋವರೆಗೂ ಉರುಳಿಸೋದು, ತಿರುಗಿಸಿ ಹಿಡಿಯೋದು" ಅಂದರು. ನಲವತ್ತು ವರ್ಷದ ಸರ ಅದು. ಮಗ ಈಗ ಮೂಲೆಯಲ್ಲಿ ಕೂತು ನಲವತ್ತು ವರ್ಷಕ್ಕೆ ಎಷ್ಟು ಜಪ ಕಮ್ಮಿ ಬಿತ್ತು ಅಂತ ಲೆಕ್ಕ ಹಾಕುತ್ತಿದ್ದಾನೆ.

ಕೋಡ್ ಕುಟ್ಟಪ್ಪ

ಅಧಿಕ ವರ್ಷಗಳನ್ನು ಮರೆಯಬೇಡ ಅನ್ನಿ ಅವನಿಗೆ.